ಚಕ್ರದಡಿ ಲಿಂಬೆಹಣ್ಣು, ಚಕ್ರದ ಹಿಂದೆ ಏನು?

ನ್ಯೂಜೆರ್ಸಿಯ ಕನ್ನಡಿಗರ ಮನೆಗೆ ಕಾರು ಬಂದರೆ ಅದರ ಮೊದಲ ಪಯಣ ಸಾಮಾನ್ಯವಾಗಿ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ. ಬಾನೆಟ್ ಮೇಲೆ ಕುಂಕುಮ, ಮಂಗಳಾರತಿ, ನಾಲ್ಕು ಚಕ್ರಗಳಡಿ ನಾಲ್ಕು ಲಿಂಬೆಹಣ್ಣು. ಕಾರು ಒಂದಡಿ ಮುಂದೆ ಹೋದರೆ ಪೂಜೆ ಮುಗಿಯಿತು. ಕಳೆದ ಆಯುಧಪೂಜೆಗೆ ಹಾಗೆ ಪೂಜೆ ಮಾಡಿಸಿಕೊಂಡ ಒಂದು ಪುಟ್ಟ ಕೆಂಪು ಕಾರು, ಈ ಏಪ್ರಿಲ್‌ನಲ್ಲಿ ಎಡಿಸನ್‌ನ ನಮ್ಮ ಗೆಳೆಯರ ಬಳಗಕ್ಕೆ ಮೂರು ವಾರಾಂತ್ಯ ಪಾಠ ಹೇಳಿತು.

ಕಾರು ಗೆಳೆಯರೊಬ್ಬರ ಮಗನದು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಮೊದಲ ಉಳಿತಾಯದಲ್ಲಿ 2001ರ ಮಾಜ್ದಾ ಮಿಯಾಟಾ ಕೊಂಡಿದ್ದ. ಎರಡೇ ಸೀಟು, ತೆರೆಯುವ ಚಾವಣಿ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ತಯಾರಿಕೆ 2016ರಲ್ಲಿ ಹತ್ತು ಲಕ್ಷ ದಾಟಿತು. ಹಳೆಯ ಮಿಯಾಟಾ ಇಲ್ಲಿ ಬಡವರ ಸ್ಪೋರ್ಟ್ಸ್ ಕಾರು. ಮಿಲ್‌ವಿಲ್‌ನಲ್ಲಿರುವ ನ್ಯೂಜೆರ್ಸಿ ಮೋಟರ್‌ಸ್ಪೋರ್ಟ್ಸ್ ಪಾರ್ಕ್‌ನ ಟ್ರ್ಯಾಕ್ ಮೇಲೆ ಒಂದು ದಿನ ಅದನ್ನು ಓಡಿಸಬೇಕೆಂಬುದು ಹುಡುಗನ ಆಸೆ.

ಆದರೆ ಚಳಿಗಾಲ ಕಾರನ್ನು ಜಜ್ಜಿಹಾಕಿತ್ತು. ರಸ್ತೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಕರಗಿದಾಗ ಡಾಂಬರಿನಡಿ ಟೊಳ್ಳು ಬಿಡುತ್ತದೆ. ಮಾರ್ಚ್ ಹೊತ್ತಿಗೆ ರೂಟ್ 1 ನಮ್ಮೂರಿನ ಮಳೆಗಾಲದ ರಸ್ತೆಯನ್ನು ನೆನಪಿಸುತ್ತದೆ. ಮೊದಲೇ ಹಳೆಯದಾಗಿದ್ದ ಸಸ್ಪೆನ್ಷನ್ ಪೂರ್ತಿ ಸೋತಿತ್ತು. ಹುಡುಗ ಹೊಸ ಬಿಡಿಭಾಗ ತರಿಸಿದ. ನಾಲ್ಕು ಕಾಯಿಲೋವರ್ (ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಕೂಡಿಸಿದ ಜೋಡಿ), ಬಾಲ್ ಜಾಯಿಂಟ್ ಸಮೇತ ಮುಂದಿನ ಕಂಟ್ರೋಲ್ ಆರ್ಮ್‌ಗಳು, ಸ್ಟೆಬಿಲೈಸರ್ ಲಿಂಕ್‌ಗಳು. ಎಲ್ಲ ಸೇರಿ 500 ಡಾಲರ್‌ಗೂ ಕಡಿಮೆ. ಹೆಸರುವಾಸಿ ಕಂಪನಿಯ ಕಾಯಿಲೋವರ್ ಮಾತ್ರಕ್ಕೇ ಅದರ ಮೂರು ಪಟ್ಟು ಬೆಲೆ.

ಪೆಟ್ಟಿಗೆ ಬಿಚ್ಚಿದ ಶನಿವಾರ ಗ್ಯಾರೇಜಿನಲ್ಲಿ ಸಾಫ್ಟ್‌ವೇರ್ ಕೆಲಸದ ನಾವು ಮೂವರು, ಜೊತೆಗೆ ಆರು ತಿಂಗಳ ಭೇಟಿಗೆ ಬೆಂಗಳೂರಿನಿಂದ ಬಂದಿದ್ದ ಹುಡುಗನ ಅಜ್ಜ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿ, ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದರು: ‘ಇದು ಒರಿಜಿನಲ್ಲೋ, ಲೋಕಲ್ಲೋ?’

ನೋಡುವವರು ಯಾರೂ ಇಲ್ಲ

‘ಅಮೆರಿಕದಲ್ಲಿ ಸರ್ಕಾರ ಪರೀಕ್ಷೆ ಮಾಡದೆ ಮಾರೋಕೆ ಬಿಡುತ್ತಾ?’ ಎಂದು ಹುಡುಗ ವಾದಿಸಿದ. ನಾವೂ ಹಾಗೇ ತಿಳಿದಿದ್ದೆವು. ವಾಸ್ತವ ಬೇರೆ. 1966ರ ವಾಹನ ಸುರಕ್ಷತಾ ಕಾಯ್ದೆಯ ಪ್ರಕಾರ ಇಲ್ಲಿ ತಯಾರಕರೇ ತಮ್ಮ ಸರಕಿಗೆ ಪ್ರಮಾಣ ಹೇಳಿಕೊಳ್ಳುತ್ತಾರೆ, ಮಾರುವ ಮುನ್ನ ಸರ್ಕಾರದ ಒಪ್ಪಿಗೆ ಬೇಕಿಲ್ಲ. ಟೈರು, ದೀಪ, ಬ್ರೇಕ್ ಹೋಸ್‌ಗೆ ಫೆಡರಲ್ ಮಾನದಂಡಗಳಿವೆ. ಬಾಲ್ ಜಾಯಿಂಟ್‌ಗೆ, ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಅಂಥದ್ದಿಲ್ಲ. ದೋಷ ಗೊತ್ತಾದ ಮೇಲೆ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಬಿಡಿಭಾಗಗಳನ್ನೂ ಹಿಂದಕ್ಕೆ ಕರೆಸಬಹುದು. ಆದರೆ ಅದು ಆಮೇಲಿನ ಮಾತು.

ಇನ್ನು ರಾಜ್ಯದ ತಪಾಸಣೆ. ಹಡ್ಸನ್ ನದಿಯಾಚೆ ನ್ಯೂಯಾರ್ಕ್‌ನಲ್ಲಿ ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಕಡ್ಡಾಯ, ಬ್ರೇಕ್ ಜೊತೆ ಸ್ಟಿಯರಿಂಗ್, ಸಸ್ಪೆನ್ಷನ್ ಕೂಡ ನೋಡುತ್ತಾರೆ. ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಬಳಿ ಇರುವ ನಮ್ಮ ಗೆಳೆಯರ ಕಾರಿನಡಿ ವರ್ಷಕ್ಕೊಮ್ಮೆಯಾದರೂ ಯಾರೋ ಟಾರ್ಚ್ ಹಾಕುತ್ತಾರೆ. ನ್ಯೂಜೆರ್ಸಿ ಖಾಸಗಿ ಕಾರುಗಳ ಯಾಂತ್ರಿಕ ತಪಾಸಣೆಯನ್ನು 2010ರ ಆಗಸ್ಟ್‌ನಲ್ಲೇ ನಿಲ್ಲಿಸಿತು. ಈಗ ನೋಡುವುದು ಹೊಗೆಯನ್ನು ಮಾತ್ರ. ಚಕ್ರ ಯಾವುದರ ಮೇಲೆ ನಿಂತಿದೆ ಎಂಬುದು ಮಾಲೀಕರಿಗೆ ಬಿಟ್ಟಿದ್ದು.

ಇದರ ಅರ್ಥ ನಮ್ಮಲ್ಲೊಬ್ಬರಿಗೆ ಚೆನ್ನಾಗಿ ಗೊತ್ತು. ಅವರ ಹಳೆಯ ಸೆಡಾನ್‌ಗೆ ಹಾಕಿಸಿದ್ದ ಅಗ್ಗದ ಬಾಲ್ ಜಾಯಿಂಟ್ ವರ್ಷ ತುಂಬಿದ ಸ್ವಲ್ಪ ದಿನಕ್ಕೇ ಕಳಚಿತು. ಮುಂದಿನ ಚಕ್ರ ಹೊರಕ್ಕೆ ಮಡಚಿ ಕಾರು ಮುಗ್ಗರಿಸಿತು. ಪುಣ್ಯಕ್ಕೆ ಅದು ಕಿರಾಣಿ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ. ಹತ್ತು ನಿಮಿಷ ಮೊದಲು ಅದೇ ಕಾರು, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳೊಂದಿಗೆ, ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಲ್ಲಿ 65 ಮೈಲಿ ವೇಗದಲ್ಲಿತ್ತು.

ಮುರಿದರೆ ಏನಾಗುತ್ತದೆ?

ಅಜ್ಜ ಎಲ್ಲ ಭಾಗಗಳನ್ನೂ ನೆಲದ ಮೇಲೆ ಹಾಸಿಸಿ ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿದರು: ಇದು ಮುರಿದರೆ ಏನಾಗುತ್ತದೆ? ಸ್ಟೆಬಿಲೈಸರ್ ಲಿಂಕ್ ಮುರಿದರೆ ಟಕಟಕ ಸದ್ದು, ತಿರುವಿನಲ್ಲಿ ಕಾರು ಸ್ವಲ್ಪ ಹೆಚ್ಚು ವಾಲುತ್ತದೆ, ಮನೆ ಸೇರಬಹುದು. ಶಾಕ್ ಅಬ್ಸಾರ್ಬರ್ ಸೋರಿದರೆ ಕಾರು ಕುಣಿಯುತ್ತದೆ, ಬ್ರೇಕ್ ಹಾಕಿದಾಗ ಟೈರಿನ ಹಿಡಿತ ತಪ್ಪುತ್ತದೆ. ಅಪಾಯವೇ, ಆದರೆ ಮುನ್ಸೂಚನೆ ಕೊಡುತ್ತದೆ. ಸ್ಪ್ರಿಂಗ್ ತುಂಡಾದರೆ ಟೈರಿಗೇ ಚುಚ್ಚಬಹುದು. ಬಾಲ್ ಜಾಯಿಂಟ್ ಕಳಚಿದರೆ, ಆರ್ಮ್‌ನ ವೆಲ್ಡಿಂಗ್ ಬಿಟ್ಟರೆ, ಚಕ್ರ ಕಾರಿನ ಮಾತು ಕೇಳುವುದಿಲ್ಲ. ಹೀಗೆ ಮೂರು ಗುಂಪಾಯಿತು. ಮೊದಲ ಗುಂಪಿನಲ್ಲಿ ಅಗ್ಗವಾದರೂ ಅಡ್ಡಿಯಿಲ್ಲ, ಎರಡನೆಯದರಲ್ಲಿ ಅಳೆದು ನೋಡಬೇಕು, ಮೂರನೆಯದರಲ್ಲಿ ಚೌಕಾಸಿ ಮಾಡಬಾರದು.

ಸ್ಪ್ರಿಂಗ್‌ಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದೆವು. ಸುರುಳಿಯ ವ್ಯಾಸ ಮತ್ತು ಸುತ್ತುಗಳ ಸಂಖ್ಯೆ ಒಂದೇ ಆಗಿದ್ದರೆ, ಸ್ಪ್ರಿಂಗ್‌ನ ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸವೂ ಬಿಗಿತದಲ್ಲಿ ದೊಡ್ಡದಾಗುತ್ತದೆ. ಬಣ್ಣದ ಲೇಪ ಮೋಸ ಮಾಡುತ್ತದೆಂದು ಅಜ್ಜ ಒಂದೊಂದು ಕಡೆ ಅದನ್ನು ಕೆರೆಸಿದರು. ಮುಂದಿನ ಜೋಡಿಯಲ್ಲಿ ಒಂದು 11 ಮಿ.ಮೀ., ಇನ್ನೊಂದು 11.3. ಲೆಕ್ಕ ಹಾಕಿದರೆ ಬಿಗಿತದಲ್ಲಿ ಶೇ 11ರಷ್ಟು ಅಂತರ. ಪೆಟ್ಟಿಗೆಯ ಮೇಲೆ ಎರಡಕ್ಕೂ ಒಂದೇ ಸಂಖ್ಯೆ. ಎಡಕ್ಕೊಂದು, ಬಲಕ್ಕೊಂದು ಗುಣದ ಕಾರು ಟ್ರ್ಯಾಕ್ ಮೇಲೆ ಹೇಗೆ ತಿರುಗೀತು?

ಶಾಕ್‌ಗಳ ಪರೀಕ್ಷೆ ಕೈಯಿಂದಲೇ ನಡೆಯಿತು. ಸ್ಪ್ರಿಂಗ್ ತೆಗೆದು, ನೆಟ್ಟಗೆ ಹಿಡಿದು, ಒಳಗಿನ ಗಾಳಿ ಹೋಗಲು ನಾಲ್ಕಾರು ಬಾರಿ ಒತ್ತಿ ಎಳೆದ ಮೇಲೆ ಉದ್ದಕ್ಕೂ ಒಂದೇ ಸಮನಾದ ಪ್ರತಿರೋಧ ಸಿಗಬೇಕು. ಒಂದರಲ್ಲಿ ನಡುವೆ ಬೆರಳಗಲದಷ್ಟು ಖಾಲಿ ಜಾಗ, ಕೈ ಸರಕ್ಕನೆ ಜಾರಿತು. ಬಿಗಿತ ಹೊಂದಿಸುವ ತಿರುಪಿನ ಮೊದಲ ಹತ್ತು ಕ್ಲಿಕ್‌ಗಳಲ್ಲಿ ಏನೂ ಬದಲಾಗಲಿಲ್ಲ, ಕೊನೆಯ ಎರಡರಲ್ಲಿ ಎಲ್ಲವೂ ಬದಲಾಯಿತು. ಒಳ್ಳೆಯ ತಯಾರಕರು ಯಾವ ವೇಗಕ್ಕೆ ಎಷ್ಟು ಬಲ ಎಂಬ ನಕ್ಷೆ ಕೇಳಿದರೆ ಕೊಡುತ್ತಾರೆ. ಈ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಸ್ಟಿಕ್ಕರ್.

ಕೊನೆಗೆ ಬಾಲ್ ಜಾಯಿಂಟ್. ಅದರ ಕಡ್ಡಿ ಶಂಕುವಿನಂತೆ ಮೊನಚಾಗಿದ್ದು ಚಕ್ರದ ಕಡೆಯ ರಂಧ್ರದಲ್ಲಿ ಉದ್ದಕ್ಕೂ ಕಚ್ಚಿ ಕೂರಬೇಕು. ಅಜ್ಜ ಮೊಮ್ಮಗಳ ಮಾರ್ಕರ್ ಪೆನ್ ತರಿಸಿ ಕಡ್ಡಿಗೆಲ್ಲ ಬಣ್ಣ ಬಳಿದು, ರಂಧ್ರಕ್ಕೆ ಕೂರಿಸಿ ಸ್ವಲ್ಪ ತಿರುಗಿಸಿ ಹೊರತೆಗೆದರು. ಬಣ್ಣ ಎಲ್ಲ ಕಡೆ ಅಳಿಸಬೇಕಿತ್ತು. ತುದಿಯಲ್ಲಿ ಉಂಗುರದಷ್ಟು ಮಾತ್ರ ಅಳಿಸಿತ್ತು. ಅಂದರೆ ಚಕ್ರದ ಹೊರೆಯೆಲ್ಲ ಆ ಉಂಗುರದ ಮೇಲೆ. ಪ್ರತಿ ಗುಂಡಿಗೂ ಕಡ್ಡಿ ಒಂದಿಷ್ಟು ಬಾಗಿ, ದಣಿದು, ಒಂದು ದಿನ ಮುರಿಯುತ್ತದೆ. ಆರ್ಮ್‌ನ ವೆಲ್ಡಿಂಗ್‌ನಲ್ಲಿ ಸೂಜಿಮೊನೆಯ ರಂಧ್ರಗಳಿದ್ದವು. ಪಕ್ಕದಲ್ಲಿಟ್ಟ, ತುಕ್ಕು ಹಿಡಿದ ಹಳೆಯ ಮೂಲ ಆರ್ಮ್‌ನ ವೆಲ್ಡಿಂಗ್ ಇನ್ನೂ ಸಮನಾಗಿತ್ತು. ‘ಪೀಣ್ಯದಲ್ಲಾಗಿದ್ದರೆ ಇದನ್ನು ಗೇಟಿನಿಂದ ಹೊರಗೆ ಬಿಡುತ್ತಿರಲಿಲ್ಲ’ ಎಂದರು ಅಜ್ಜ. ಹುಡುಗ ಮರುಮಾತಾಡಲಿಲ್ಲ.

ಉಳಿಸಿದ್ದು, ಮರಳಿಸಿದ್ದು

ಕಾಯಿಲೋವರ್, ಆರ್ಮ್‌ಗಳು ವಾಪಸು ಹೋದವು. ಲಿಂಕ್‌ಗಳನ್ನು ಉಳಿಸಿಕೊಂಡೆವು, ಅಳತೆಯಲ್ಲಿ ಸರಿಯಿದ್ದವು. ಆರ್ಮ್‌ಗಳನ್ನು ಮಾಜ್ದಾ ಡೀಲರ್ ಮೂಲಕ ತರಿಸಿ, ಹೆಸರಾಂತ ಕಂಪನಿಯ ಸಾಮಾನ್ಯ ಶಾಕ್‌ಗಳಿಗೆ ಕಾರಿನ ಹಳೆಯ ಸ್ಪ್ರಿಂಗ್‌ಗಳನ್ನೇ ಹಾಕಿದೆವು. ಕಾರನ್ನು ತಗ್ಗಿಸುವ ಆಸೆಯನ್ನು ಹುಡುಗ ಕೈಬಿಟ್ಟ. ತಗ್ಗಿಸಿದಷ್ಟೂ ಚಕ್ರ ಮೇಲೇಳಲು ಜಾಗ ಕಡಿಮೆ, ಗುಂಡಿ ಸಿಕ್ಕಾಗ ಕಾರು ರಬ್ಬರ್ ತಡೆಗೆ ಬಡಿಯುತ್ತದೆ. ಅದನ್ನೇ ಅನೇಕರು ‘ಸ್ಪೋರ್ಟಿ’ ಎನ್ನುತ್ತಾರೆ. ಅವನ ಜೇಬಿಗೆ ಬಿದ್ದ ಹೆಚ್ಚಿನ ಹೊರೆ ಸುಮಾರು 700 ಡಾಲರ್. ಮೇ ತಿಂಗಳ ಟ್ರ್ಯಾಕ್ ದಿನವೂ ತಪ್ಪಿತು.

ಹಳೆಯ ಕಾರು ಇಟ್ಟುಕೊಂಡವರಿಗೆ ನಾವು ಕಲಿತ ಇನ್ನೆರಡು ಮಾತು. ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಜಾಕ್ ಮೇಲೆ ತೂಗುತ್ತಿರುವಾಗ ಕೊನೆಯ ಬಿಗಿ ಮಾಡಬಾರದು. ಚಕ್ರಗಳ ಮೇಲೆ ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇಲ್ಲಿನ ರಸ್ತೆಗೆ ಚಳಿಗಾಲದಲ್ಲಿ ಉಪ್ಪು ಸುರಿಯುವುದರಿಂದ, ಉಕ್ಕಿನ ಮೇಲೆ ಕೂರುವ ಅಲ್ಯೂಮಿನಿಯಂ ಉಂಗುರಗಳು ಅಂಟಿಕೊಂಡುಬಿಡುತ್ತವೆ. ಜೋಡಿಸುವಾಗಲೇ ಸೀಜ್ ಆಗದಂತೆ ತಡೆಯುವ ಪೇಸ್ಟ್ ಹಚ್ಚಬೇಕು. ಗ್ಯಾರೇಜಿನಲ್ಲಿ ಕೆಲಸ ಮಾಡಿಸುವವರು ಹೊಸ ಭಾಗದ ಪೆಟ್ಟಿಗೆಯನ್ನೂ ಹಳೆಯ ಭಾಗವನ್ನೂ ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ.

ಜೂನ್‌ನ ಒಂದು ಭಾನುವಾರ ಹುಡುಗ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಾವಣಿ ತೆರೆದು, ಬ್ರಿಡ್ಜ್‌ವಾಟರ್‌ಗೆ ಹೋಗಿಬಂದ. ಮಿಲ್‌ವಿಲ್‌ಗೆ ಶರತ್ಕಾಲದಲ್ಲಿ ಹೋಗುತ್ತಾನಂತೆ. ಅಷ್ಟರಲ್ಲಿ ಅಜ್ಜ ಬೆಂಗಳೂರಿಗೆ ಮರಳಿರುತ್ತಾರೆ. ಈ ಬಾರಿಯ ಆಯುಧಪೂಜೆಗೆ ಲಿಂಬೆಹಣ್ಣು ಇಡುವ ಮುನ್ನ, ಟಾರ್ಚ್ ಹಿಡಿದು ಪ್ರತಿ ಚಕ್ರದ ಹಿಂದೆ ಒಮ್ಮೆ ನೋಡಬೇಕೆಂದು ಅವರು ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದಾರೆ.