ಪಿ.ಓ. ಬಾಕ್ಸ್: ಕೀಲಿ ಯಾರ ಕೈಯಲ್ಲಿದೆ?

‘ಅಂಚೆ ಪೆಟ್ಟಿಗೆ’ ಎಂದೊಡನೆ ನಮಗೆಲ್ಲ ನೆನಪಾಗುವುದು ಊರಿನ ರಸ್ತೆ ಬದಿಯ ಕೆಂಪು ಡಬ್ಬ. ಅದು ಕಾಗದ ಹಾಕುವ ಪೆಟ್ಟಿಗೆ. ಮನೆಯ ಗೇಟಿನಲ್ಲಿರುವುದು ಕಾಗದ ಬಂದು ಬೀಳುವ ಪೆಟ್ಟಿಗೆ. ಯು.ಎ.ಇ.ಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೂರನೆಯ ಬಗೆ: ವರ್ಷದ ಬಾಡಿಗೆ ಕಟ್ಟಿ ಕೀಲಿ ಪಡೆಯುವ ಪಿ.ಓ. ಬಾಕ್ಸ್.

ಇಲ್ಲಿಯ ಅಂಚೆಗೂ ನಮಗೂ ಹಳೆಯ ನಂಟು. 1909ರಲ್ಲಿ ದುಬೈಯಲ್ಲಿ ತೆರೆದ ಮೊದಲ ಅಂಚೆ ಕಚೇರಿ ಭಾರತೀಯ ಅಂಚೆ ಇಲಾಖೆಯದು. ನಡೆಯುತ್ತಿದ್ದುದೂ ಭಾರತದ ಅಂಚೆ ಚೀಟಿಗಳೇ. ಅಬುಧಾಬಿ ಪಟ್ಟಣಕ್ಕೆ ಅಂಚೆ ಕಚೇರಿ ಬಂದದ್ದು 1963ರಲ್ಲಿ. ಆದರೆ ಮನೆಮನೆಗೆ ಬರುವ ನಮ್ಮೂರಿನ ಪೋಸ್ಟ್‌ಮ್ಯಾನ್ ಪದ್ಧತಿ ಇಲ್ಲಿ ಬೇರೂರಲಿಲ್ಲ. ಹಾಗಾಗಿ ಪಿನ್‌ಕೋಡ್ ಕೂಡ ಇಲ್ಲ. ಊರಿನ ಬ್ಯಾಂಕಿನ ಅರ್ಜಿಯಲ್ಲಿ ಪಿನ್‌ಕೋಡ್ ಜಾಗದಲ್ಲಿ ಬಾಕ್ಸ್ ನಂಬರ್ ಬರೆದು ಗೊಂದಲ ಮಾಡಿಕೊಳ್ಳಬಾರದು.

ಅಲ್ ರೀಮ್ ಐಲ್ಯಾಂಡ್‌ನ ಟವರ್‌ಗಳಲ್ಲಿ ವಾಸಿಸುವ ನಮ್ಮವರಲ್ಲಿ ಅನೇಕರು ಕೊಡುವ ಅಂಚೆ ವಿಳಾಸ ಮನೆಯದಲ್ಲ, ಯಜಮಾನರು ಕೆಲಸ ಮಾಡುವ ಕಂಪನಿಯ ಬಾಕ್ಸ್. ಮನೆ ಎಷ್ಟು ಸಲ ಬದಲಾಯಿಸಿದರೂ ವಿಳಾಸ ಅದೇ. ಅನುಕೂಲವೇನೋ ಹೌದು, ಆದರೆ ಆ ಬಾಕ್ಸ್ ನಿಮ್ಮದಲ್ಲ. ಕೆಲಸ ಬಿಟ್ಟ ದಿನವೇ ನಿಮ್ಮ ವಿಳಾಸವೂ ಹೋಯಿತು! ಆಮೇಲೆ ಬರುವ ಪತ್ರಗಳು ಹಳೆಯ ಆಫೀಸಿನ ಮೂಲೆಯಲ್ಲಿ ಬಿದ್ದಿರುತ್ತವೆ, ಇಲ್ಲವೇ ವಾಪಸಾಗುತ್ತವೆ. ಅರಿಶಿನ ಹಚ್ಚಿದ ಲಗ್ನಪತ್ರಿಕೆಯಾದರೆ ಬೇಸರ ಅಷ್ಟೇ, ಫೋನಿನಲ್ಲಿ ಹಾರೈಸಿದರಾಯಿತು. ಚೆಕ್ ಬುಕ್ಕು, ವಿಮೆಯ ಕಂತಿನ ನೋಟೀಸು, ಜಮೀನಿನ ವ್ಯಾಜ್ಯದಲ್ಲಿ ವಕೀಲರು ಕಳಿಸಿದ ಕಾಗದ ಇವುಗಳ ಮಾತು ಬೇರೆ. ಈಮೇಲ್ ಇದ್ದರೂ ಎಲ್ಲ ಕಾಗದಗಳೂ ಇನ್ನೂ ಈಮೇಲಿನಲ್ಲಿ ಬರುವುದಿಲ್ಲ.

ಆದ್ದರಿಂದ ಕೆಲಸ ಬದಲಾಯಿಸುವವರು ವೀಸಾದ ಓಡಾಟದ ನಡುವೆಯೇ ಬ್ಯಾಂಕು, ವಿಮಾ ಕಂಪನಿಗಳಿಗೆ ಹೊಸ ವಿಳಾಸ ತಿಳಿಸುವುದು ಒಳ್ಳೆಯದು. ಬಹಳ ವರ್ಷ ಇಲ್ಲಿರುವ ಕುಟುಂಬಗಳು ಎಮಿರೇಟ್ಸ್ ಪೋಸ್ಟ್‌ನಿಂದ ಸ್ವಂತ ಬಾಕ್ಸ್ ಪಡೆಯುವುದೇ ಮೇಲು ಎಂದು ನನ್ನ ಅಭಿಪ್ರಾಯ. ಮರೆಯದೆ ನವೀಕರಿಸಬೇಕು, ವಾರಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಮನೆಗೇ ತಲುಪಿಸುವ ಸೇವೆಯೂ ಈಗ ಉಂಟು, ಅದಕ್ಕೆ ಶುಲ್ಕ ಬೇರೆ.

ವಿಳಾಸದಲ್ಲಿ ಬಾಕ್ಸ್ ಸಂಖ್ಯೆಯ ಜೊತೆ ‘ಅಬುಧಾಬಿ’ ಎಂದು ಬರೆಯಲೇಬೇಕು. ಅದೇ ಸಂಖ್ಯೆಯ ಬಾಕ್ಸ್ ದುಬೈಯಲ್ಲೂ ಇರಬಹುದು. ಊರಿನಿಂದ ಅಮ್ಮ ಕೊರಿಯರ್‌ನಲ್ಲಿ ಹಪ್ಪಳ ಕಳಿಸುವುದಾದರೆ ಬಾಕ್ಸ್ ನಂಬರ್ ಸಾಲದು: ಟವರಿನ ಹೆಸರು, ಫ್ಲ್ಯಾಟ್ ಸಂಖ್ಯೆ, ಅಲ್ ರೀಮ್ ಐಲ್ಯಾಂಡ್, ಮುಖ್ಯವಾಗಿ ನಿಮ್ಮ ಇಲ್ಲಿಯ ಮೊಬೈಲ್ ನಂಬರ್ ಬರೆಸಿ. ತರುವವನು ಮೊದಲು ಫೋನ್ ಮಾಡುತ್ತಾನೆ.