ನಿಂತ ಸೈಕಲ್ಲಿಗೆ ದೀಪ ಹತ್ತೀತೇ?

ಮಕ್ಕಳೇ, ಸೈಕಲ್ಲಿನ ಡೈನಮೋ ನೋಡಿದ್ದೀರಾ? ಚಕ್ರಕ್ಕೆ ಒರಗಿಸಿ ತುಳಿದರೆ ಅದರೊಳಗಿನ ಅಯಸ್ಕಾಂತ ತಿರುಗಿ, ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ ದೀಪ ಉರಿಯುತ್ತಿತ್ತು. ಸೈಕಲ್ ನಿಂತರೆ ದೀಪವೂ ಆರುತ್ತಿತ್ತು, ಅಯಸ್ಕಾಂತ ಅಲ್ಲೇ ಇದ್ದರೂ! ಅಯಸ್ಕಾಂತದ ಬಲ ಬದಲಾಗುತ್ತಿದ್ದರೆ ಮಾತ್ರ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟರು. ನಮ್ಮ ಗಂಜಾಂ ದಾಟಿ ಹೋಗುವ ಕಾವೇರಿ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಕೊಡುತ್ತಿರುವುದೂ ಇದೇ ನಿಯಮದಿಂದ.

ಈಗ ಇದೇ ನಿಯಮ ಆಸ್ಪತ್ರೆಗೂ ಬಂದಿದೆ. ಯಂತ್ರದ ತಂತಿ ಸುರುಳಿಯನ್ನು ಬಟ್ಟೆಯ ಮೇಲೇ ಹಿಡಿಯುತ್ತಾರೆ. ಅದರಲ್ಲಿ ಕ್ಷಣಮಾತ್ರ ಭಾರೀ ವಿದ್ಯುತ್ ಹರಿದು 'ಟಕ್' ಎನ್ನುತ್ತದೆ. ಆಗ ಹುಟ್ಟಿ ಅಳಿಯುವ ಕಾಂತಬಲ ಚರ್ಮ, ಮೂಳೆ ದಾಟಿ ಒಳಗೆ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ನರ ಎಚ್ಚೆತ್ತು ಸ್ನಾಯು ಕುಣಿಯುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ಸುರುಳಿ ಹಿಡಿದು ಕೈಯ ಸ್ನಾಯುವನ್ನು ಆಡಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಖಿನ್ನತೆಯ ಚಿಕಿತ್ಸೆಗೂ ಇಂಥ ಯಂತ್ರವನ್ನು ಬಳಸುತ್ತಾರೆ. ಪೆಟ್ಟಾದ ನರ, ಸೊರಗಿದ ಸ್ನಾಯುವಿಗೆ ವ್ಯಾಯಾಮದ ಜೊತೆ ಇದು ಎಷ್ಟು ನೆರವಾದೀತೆಂಬ ಅಧ್ಯಯನ ಇನ್ನೂ ನಡೆಯುತ್ತಿದೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ಕಬ್ಬು ಕಡಿಯುವಾಗ ಕೈಗೆ ಮಚ್ಚು ತಾಗಿ ನಮ್ಮ ಬೀದಿಯವರೊಬ್ಬರ ಬೆರಳುಗಳು ಮರಗಟ್ಟಿದವು. ಡಾಕ್ಟರು ನರ ಹೊಲಿದು ವ್ಯಾಯಾಮ ಹೇಳಿಕೊಟ್ಟರು. ಅಷ್ಟರಲ್ಲಿ ಮನೆಬಾಗಿಲಿಗೆ ಬಂದವನೊಬ್ಬ ಅಯಸ್ಕಾಂತದ ಪಟ್ಟಿ ಮಾರಿಹೋದ. ಅದನ್ನು ಕಟ್ಟಿಕೊಂಡವರು ವ್ಯಾಯಾಮ ಬಿಟ್ಟರು. "ಯಂತ್ರದಲ್ಲೂ ಅಯಸ್ಕಾಂತವೇ ಅಂತೆ, ಇದೂ ಅದೇ ಅಲ್ವಾ ಸ್ವಾಮಿ?" ಎಂದು ಅವರ ಮನೆಯವರು ನನ್ನನ್ನು ಕೇಳಿದರು.

"ಅಲ್ಲ ತಾಯಿ" ಎಂದೆ. ಪಟ್ಟಿಯ ಅಯಸ್ಕಾಂತ ನಿಂತ ಸೈಕಲ್ಲಿನ ಡೈನಮೋ ಇದ್ದಂತೆ. ಅದರ ಬಲ ಬದಲಾಗದು, ಹಾಗಾಗಿ ನರವನ್ನು ಎಬ್ಬಿಸದು. ಯಂತ್ರಕ್ಕೂ ಮಿತಿಯಿದೆ. ಪೂರ್ತಿ ತುಂಡಾದ ನರವನ್ನು ಅದು ಜೋಡಿಸಲಾರದು. ಅದು ಶಸ್ತ್ರಚಿಕಿತ್ಸೆಯ ಕೆಲಸ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಆ ಯಂತ್ರದ ಹತ್ತಿರವೂ ಹೋಗಬಾರದು. ಮೈಯೊಳಗೆ ಲೋಹದ ತುಂಡೋ ಬೇರೆ ಉಪಕರಣವೋ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಬ್ಯಾಂಕಿನಲ್ಲಿ ಪಿಗ್ಮಿ ಖಾತೆಗಳ ಲೆಕ್ಕ ಬರೆದ ನನಗೆ ಇದು ಸುಲಭದ ಲೆಕ್ಕ. ಗಾಯದಿಂದ ಬೆರಳಿಗೆ 30 ಸೆಂಟಿಮೀಟರ್ ಇದ್ದರೆ 300 ದಿನ, ಅಂದರೆ ಹತ್ತು ತಿಂಗಳು. ಅಲ್ಲಿಯವರೆಗೆ ಕೀಲು ಬಿಗಿಯದಂತೆ ಬೆರಳುಗಳನ್ನು ದಿನವೂ ಆಡಿಸುತ್ತಿರಬೇಕು. ನರ ಬಂದು ಸೇರುವಾಗ ಕೈ ಸಿದ್ಧವಾಗಿರಬೇಕಲ್ಲ!

ಮನೆಯಲ್ಲಿ ಇಂಥವರಿದ್ದರೆ, ಮಕ್ಕಳೇ, ಒಂದು ನೋಟ್‌ಬುಕ್ ಇಟ್ಟು ಅವರ ವ್ಯಾಯಾಮದ ಲೆಕ್ಕ ಬರೆಯಿರಿ. ತಪ್ಪಿಸಿದ ದಿನ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ತಾತನಾದರೂ ಬಿಡಬೇಡಿ!