ನಾಕಾ ಹೋತು, ಕಳ್ಳಮಾಲು ಉಳೀತು

2026ರ ಫೆಬ್ರುವರಿ 1ರಿಂದ ಸಿಗರೇಟಿನ ಮೇಲೆ ಹೊಸ ತೆರಿಗೆ ಬಂತು. ಅಂದಿನಿಂದ ಪಾನ್ ಅಂಗಡಿ ಮುಂದೆ ನಿಂತವರ ಮಾತು ಹೆಚ್ಚುಕಮ್ಮಿ ಒಂದೇ: “ಹಿಂಗ ಟ್ಯಾಕ್ಸ್ ಏರಿಸ್ಕೊಂತ ಹೋದ್ರ ಸೇದೋರು ಬಿಡಂಗಿಲ್ರೀ, ಕಳ್ಳಮಾಲು ಬರ್ತೈತಿ ಅಷ್ಟ.”

ಈ ಮಾತನ್ನ ಸುಮ್ನೆ ತಳ್ಳಿಹಾಕೋಕೆ ಆಗಲ್ಲ. ಹಾಗಂತ ಪೂರ್ತಿ ನಂಬೋಕೂ ಆಗಲ್ಲ. ತೆರಿಗೆ ಏರಿದ್ರೆ ಕಳ್ಳಸಾಗಣೆ ಏರಲೇಬೇಕಾ? ಕೊಪ್ಪಳದಂಥ ಜಿಲ್ಲೆಗೆ ಈ ಪ್ರಶ್ನೆ ಯಾಕೆ ಬೇಕು? ಸ್ವಲ್ಪ ಹಿಂದಿನಿಂದ ನೋಡೋಣ.

ನಮ್ಮೂರೇ ಗಡಿಯಾಗಿದ್ದ ಕಾಲ

ಇವತ್ತು ಕೊಪ್ಪಳದಿಂದ ಹೊಸಪೇಟೆಗೆ, ಯಲಬುರ್ಗಾದಿಂದ ಗಜೇಂದ್ರಗಡಕ್ಕೆ ಬೈಕ್ ಹತ್ತಿದ್ರೆ ಯಾರೂ ತಡೆಯಲ್ಲ. 1948ರ ಸೆಪ್ಟೆಂಬರ್‌ವರೆಗೆ ಹಾಗಿರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ತುಂಗಭದ್ರೆ ದಾಟಿದ್ರೆ ಹೊಸಪೇಟೆ ಮದ್ರಾಸ್ ಪ್ರಾಂತ. ಪಶ್ಚಿಮಕ್ಕೆ ಮುಂಡರಗಿ, ಗಜೇಂದ್ರಗಡ ಮುಂಬಯಿ ಪ್ರಾಂತ. ನಿಜಾಮರಿಗೆ ಹಾಲಿ ಸಿಕ್ಕಾ ಅನ್ನೋ ತಮ್ಮದೇ ನಾಣ್ಯ ಇತ್ತು. ಗಡಿ ದಾಟುವ ಸರಕಿಗೆ ಸುಂಕ ವಸೂಲು ಮಾಡೋಕೆ ತಮ್ಮದೇ ಇಲಾಖೆಯೂ ಇತ್ತು. ಅದರ ಹೆಸರು ಕರೋಡಗಿರಿ.

ಹೈದರಾಬಾದ್ ವಿಮೋಚನೆಯ ಹೋರಾಟದಲ್ಲಿ ಮುಂಡರಗಿ, ಗಜೇಂದ್ರಗಡದಂಥ ಗಡಿ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿ. ಇಂಥ ಶಿಬಿರಗಳ ಕಾರ್ಯಕರ್ತರು ದಾಳಿ ಮಾಡಿದ ಜಾಗಗಳಲ್ಲಿ ಕರೋಡಗಿರಿ ನಾಕಾಗಳೂ ಇದ್ದವು. ಪರರ ಆಳ್ವಿಕೆ ಜನರ ಕಣ್ಣಿಗೆ ನೇರವಾಗಿ ಬೀಳ್ತಿದ್ದದ್ದು ಆ ನಾಕಾದಲ್ಲೇ.

ಆ ನಾಕಾ ಈಗಿಲ್ಲ. ಆದ್ರೆ ಆಚೆ ಒಂದು ದರ, ಈಚೆ ಒಂದು ದರ ಇದ್ದಲ್ಲಿ ಕದ್ದು ಸಾಗಿಸೋರು ಹುಟ್ಟಿಕೊಳ್ತಾರೆ ಅನ್ನೋದು ಮಾತ್ರ ಬದಲಾಗಿಲ್ಲ. ಗಡಿ ದೂರ ಸರಿದಿದೆ, ಅಷ್ಟೇ.

ಒಂದು ಸಿಗರೇಟಿನ ಲೆಕ್ಕ

ಹೊಸ ವ್ಯವಸ್ಥೆಯಲ್ಲಿ ಪ್ರತಿ ಸಾವಿರ ಸಿಗರೇಟಿಗೆ ಉದ್ದದ ಪ್ರಕಾರ 2,050 ರೂಪಾಯಿಯಿಂದ 8,500 ರೂಪಾಯಿವರೆಗೆ ಕೇಂದ್ರ ಅಬಕಾರಿ ಸುಂಕ ಇದೆ. ಅಂದ್ರೆ ಒಂದು ಸಿಗರೇಟಿಗೆ ಸುಮಾರು 2ರಿಂದ 8.50 ರೂಪಾಯಿ. ಅದರ ಮೇಲೆ 40% ಜಿಎಸ್‌ಟಿ. ಕದ್ದು ತಂದವನು ಇದ್ಯಾವುದನ್ನೂ ಕಟ್ಟಲ್ಲ, ಆಮದು ಸುಂಕವನ್ನೂ ಕಟ್ಟಲ್ಲ. ತಪ್ಪಿಸಿದ್ದಷ್ಟೂ ಅವನ ಲಾಭ.

ಮಾಲು ಬರೋ ದಾರಿಗಳೂ ಗೊತ್ತಿರುವಂಥವೇ. ಮ್ಯಾನ್ಮಾರ್‌ನಿಂದ ಮಿಜೋರಾಂ ಮೂಲಕ ಲಾರಿಗಳಲ್ಲಿ ಬರುತ್ತೆ. ಬೇರೆ ಸರಕಿನ ಹೆಸರು ಬರೆಸಿಕೊಂಡ ಕಂಟೇನರ್‌ಗಳಲ್ಲಿ ಬಂದರುಗಳಿಗೆ ಬರುತ್ತೆ. ಕೊಲ್ಲಿ ದೇಶಗಳಿಂದ ಬರುವ ಪ್ರಯಾಣಿಕರ ಬ್ಯಾಗುಗಳಲ್ಲೂ ಬರುತ್ತೆ. ಬೆಂಗಳೂರು, ಮಂಗಳೂರು ವಿಮಾನ ನಿಲ್ದಾಣಗಳಲ್ಲಿ ಕಸ್ಟಮ್ಸ್‌ನವರು ಹಿಡಿದ ಸುದ್ದಿ ನೀವೂ ಓದಿರ್ತೀರಿ.

ಗುರುತು ಹಿಡಿಯೋದು ಕಷ್ಟ ಅಲ್ಲ. ಭಾರತದಲ್ಲಿ ಮಾರುವ ಪ್ಯಾಕಿನ ಮೇಲೆ 2016ರ ಏಪ್ರಿಲ್‌ನಿಂದ 85% ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಲೇಬೇಕು. ರೂಪಾಯಿಯಲ್ಲಿ ಎಂಆರ್‌ಪಿ ಇರಬೇಕು. ತಂಬಾಕು ಬಿಡಲು ನೆರವಾಗುವ ಸಹಾಯವಾಣಿಯ ನಂಬರ್ ಇರಬೇಕು. ಇದ್ಯಾವುದೂ ಇಲ್ಲದ ಚೆಂದದ ಫಾರಿನ್ ಪ್ಯಾಕ್ ಅಂಗಡಿಯಲ್ಲಿ ಸಿಕ್ತು ಅಂದ್ರೆ ಅದು ಕಾನೂನಿನ ದಾರಿಯಲ್ಲಿ ಬಂದ ಮಾಲಲ್ಲ.

ಆದ್ರೆ ಬಿಡಿಯಾಗಿ ಒಂದೇ ಸಿಗರೇಟು ಕೊಂಡರೆ ಇದ್ಯಾವುದೂ ಕಣ್ಣಿಗೆ ಬೀಳಲ್ಲ. ಎಚ್ಚರಿಕೆಯ ಚಿತ್ರವೂ ಇಲ್ಲ, ಬೆಲೆಯೂ ಇಲ್ಲ, ಎಲ್ಲಿಂದ ಬಂತು ಅನ್ನೋದೂ ಇಲ್ಲ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರಾಟ ಕಾನೂನಿಗೆ ವಿರುದ್ಧ. ಹಾಗಿದ್ರೂ “ಒಂದ ಕೊಡ್ರೀ” ಅನ್ನೋದು ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಎಷ್ಟು ಸಹಜ ಅಂತ ಹೇಳಬೇಕಾಗಿಲ್ಲ.

ತೆರಿಗೆ ಇಳಿಸಿ ನೋಡಿದ ದೇಶ

ತೆರಿಗೆ ಇಳಿಸಿದ್ರೆ ಕಳ್ಳಸಾಗಣೆ ನಿಲ್ಲುತ್ತಾ? ಕೆನಡಾ ಮಾಡಿ ನೋಡಿದೆ. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲಿ ಸಿಗರೇಟು ತೆರಿಗೆ ಜಾಸ್ತಿ ಇತ್ತು, ಪಕ್ಕದ ಅಮೆರಿಕದಲ್ಲಿ ಕಡಿಮೆ. ಕೆನಡಾದ ಕಂಪನಿಗಳೇ ತೆರಿಗೆ ಇಲ್ಲದೆ ಅಮೆರಿಕಕ್ಕೆ ರಫ್ತು ಮಾಡಿದ ಸಿಗರೇಟು ತಿರುಗಿ ಗಡಿ ದಾಟಿ ಕೆನಡಾದ ಕಪ್ಪು ಸಂತೆಗೆ ಬರ್ತಿತ್ತು. 1994ರ ಫೆಬ್ರುವರಿಯಲ್ಲಿ ಸರ್ಕಾರ ತೆರಿಗೆ ಇಳಿಸಿತು. ಕಳ್ಳಮಾಲು ಕಮ್ಮಿ ಆಯ್ತು ನಿಜ. ಜೊತೆಗೇ ಹುಡುಗ–ಹುಡುಗಿಯರಲ್ಲಿ ಸೇದೋರ ಸಂಖ್ಯೆ ಏರಿತು. ಕೆಲವೇ ವರ್ಷದಲ್ಲಿ ತೆರಿಗೆಯನ್ನ ಮತ್ತೆ ಏರಿಸಬೇಕಾಯ್ತು.

ಕಥೆ ಅಲ್ಲಿಗೆ ಮುಗೀಲಿಲ್ಲ. 2008ರಲ್ಲಿ ಇಂಪೀರಿಯಲ್ ಟೊಬ್ಯಾಕೋ ಕೆನಡಾ ಮತ್ತು ರೋಥ್‌ಮನ್ಸ್, ಬೆನ್ಸನ್ ಅಂಡ್ ಹೆಡ್ಜಸ್ ಕಂಪನಿಗಳು ನ್ಯಾಯಾಲಯದಲ್ಲಿ ತಪ್ಪು ಒಪ್ಪಿಕೊಂಡವು. ದಂಡ, ಪರಿಹಾರ ಎಲ್ಲ ಸೇರಿ ನೂರು ಕೋಟಿ ಕೆನಡಾ ಡಾಲರ್ ದಾಟಿತು. “ತೆರಿಗೆ ಏರಿಸಿದ್ರೆ ಕಳ್ಳಸಾಗಣೆ” ಅಂತ ಯಾರಾದ್ರೂ ಹೆದರಿಸಿದಾಗ ಈ ಪ್ರಕರಣ ನೆನಪಿರಲಿ. ಕಳ್ಳಮಾಲಿನ ಹಿಂದೆ ತೆರಿಗೆ ಒಂದೇ ಇರಲ್ಲ.

ಬ್ರಿಟನ್ ಬೇರೆ ದಾರಿ ಹಿಡೀತು. 2000ದಲ್ಲಿ ಅಲ್ಲಿ ಸೇದುವ ಐದು ಸಿಗರೇಟಿನಲ್ಲಿ ಸುಮಾರು ಒಂದು ಕಳ್ಳಮಾಲು. ತೆರಿಗೆ ಇಳಿಸೋ ಬದಲು ಬಂದರುಗಳಿಗೆ ಸ್ಕ್ಯಾನರ್ ತಂದರು, ಅಧಿಕಾರಿಗಳನ್ನ ಹೆಚ್ಚಿಸಿದರು, ಸುಂಕ ಕಟ್ಟಿದ ಪ್ಯಾಕಿಗೆ ಗುರುತು ಹಾಕಿದರು. ಮುಂದಿನ ಹತ್ತು–ಹನ್ನೆರಡು ವರ್ಷದಲ್ಲಿ ಅದು ಹತ್ತಕ್ಕೆ ಒಂದರ ಆಸುಪಾಸಿಗೆ ಬಂತು.

ತಂಬಾಕಿನ ಕಳ್ಳವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲೇ ಸೇರಿದೆ. ಕಾರ್ಖಾನೆಯಿಂದ ಅಂಗಡಿವರೆಗೆ ಪ್ಯಾಕಿನ ಜಾಡು ಹಿಡಿಯಬೇಕು ಅನ್ನೋದು ಅದರ ತಿರುಳು. ಆಯ್ದ ಸರಕುಗಳಿಗೆ ಇಂಥ ಗುರುತು ಹಾಕಿಸುವ ಅಧಿಕಾರ ಕೊಡುವ ಕಲಮನ್ನ 2025ರಲ್ಲಿ ಜಿಎಸ್‌ಟಿ ಕಾಯ್ದೆಗೂ ಸೇರಿಸಲಾಗಿದೆ. ತೆರಿಗೆ ಏರಿಸೋಕೆ ಒಂದು ಅಧಿಸೂಚನೆ ಸಾಕು. ಜಾಡು ಹಿಡಿಯೋಕೆ ಮಾತ್ರ ಯಂತ್ರ, ಜನ, ಇಚ್ಛೆ ಮೂರೂ ಬೇಕು.

ನಮ್ಮ ಜಿಲ್ಲೆಯ ಲೆಕ್ಕವೇ ಬೇರೆ

ಈಗ ಕುಷ್ಟಗಿಯ ಡಬ್ಬಿ ಅಂಗಡಿ ಮುಂದೆ ನಿಂತು ನೋಡಿ. ಕಣ್ಣಿಗೆ ಮೊದಲು ಬೀಳೋದು ಸಿಗರೇಟಲ್ಲ, ಸಾಲಾಗಿ ನೇತಾಡೋ ಸ್ಯಾಶೆಗಳು. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದೋರು 8.8%. ಅಗಿಯೋ ತಂಬಾಕಿನಂಥ ಹೊಗೆರಹಿತ ತಂಬಾಕು ಬಳಸೋರು 16.3%, ಹತ್ತಿರ ಹತ್ತಿರ ಎರಡರಷ್ಟು.

ಗುಟ್ಕಾವನ್ನ ಕರ್ನಾಟಕ 2013ರಲ್ಲೇ ನಿಷೇಧಿಸಿತು. ಆಮೇಲೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಪಾನ್ ಮಸಾಲ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ. ಎರಡನ್ನೂ ಅಂಗೈಯಲ್ಲಿ ಸುರಿದು ತಿಕ್ಕಿದ್ರೆ ಗುಟ್ಕಾ ರೆಡಿ. ಇದಕ್ಕೆ ಮ್ಯಾನ್ಮಾರ್ ಗಡಿ ಬೇಕಿಲ್ಲ, ರಾತ್ರಿ ಲಾರಿ ಬೇಕಿಲ್ಲ. ಹಾಡಹಗಲೇ, ಶಾಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಾನೂನು ಹೀಗೆ ಸೋರಿ ಹೋಗ್ತಿದೆ.

ಬೀಡಿ ಕಡೆ ನೋಡಿ. ಸಿಗರೇಟಿನ ಜಿಎಸ್‌ಟಿ 40% ಆದಾಗಲೇ ಬೀಡಿಯ ಜಿಎಸ್‌ಟಿ 28%ನಿಂದ 18%ಗೆ ಇಳಿಯಿತು. ಬೀಡಿ ಕಟ್ಟಿ ಬದುಕುವ ಹೆಣ್ಣುಮಕ್ಕಳ ಹೊಟ್ಟೆಪಾಡಿನ ಪ್ರಶ್ನೆ ಅದರ ಹಿಂದಿದೆ ಅನ್ನೋದನ್ನ ಒಪ್ಪಬೇಕು. ಆದ್ರೆ ಬೀಡಿಯ ಹೊಗೆ ಶ್ವಾಸಕೋಶಕ್ಕೆ ರಿಯಾಯಿತಿ ಕೊಡಲ್ಲ.

ಬೆಲೆ 10% ಏರಿದ್ರೆ ನಮ್ಮಂಥ ದೇಶಗಳಲ್ಲಿ ತಂಬಾಕು ಬಳಕೆ ಸುಮಾರು 5% ಇಳಿಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದು ಆಗಬೇಕಾದ್ರೆ ಪಕ್ಕದಲ್ಲೇ ಅಗ್ಗದ ಇನ್ನೊಂದು ಚಟ ಕಾದು ಕೂತಿರಬಾರದು. ಆಫೀಸಿನ ಹುಡುಗ ದರ ಏರಿತು ಅಂತ ಸಿಗರೇಟು ಕಮ್ಮಿ ಮಾಡಬಹುದು. ಯಲಬುರ್ಗಾದಿಂದ ಮಂಗಳೂರಿಗೋ ಗೋವಾಕ್ಕೋ ದುಡಿಯಾಕ ಹೋದ ಗಾರೆ ಕೆಲಸದವನು ಬೀಡಿಗೆ, ಸ್ಯಾಶೆಗೆ ಇಳೀತಾನೆ. ಅಡಿಕೆ–ತಂಬಾಕು ಅಗಿದು ಬಾಯಿ ಬಿಗಿದು, ರೊಟ್ಟಿ ಮುರಿದು ಬಾಯಿಗಿಡೋಕೂ ಆಗದ ಸ್ಥಿತಿ ಬಂದಾಗ ಆ ಮನೆಯವರು ಹುಬ್ಬಳ್ಳಿ, ಬೆಂಗಳೂರು ಅಂತ ಅಲೀಬೇಕು. ಸರ್ಕಾರಕ್ಕೆ ಬಂದ ತೆರಿಗೆ ಒಂದು ಕಡೆ, ಆ ಮನೆ ಮಾಡುವ ಸಾಲ ಇನ್ನೊಂದು ಕಡೆ.

ಹಾಗಾಗಿ ಕೇಳಬೇಕಾದ್ದು “ತೆರಿಗೆ ಯಾಕೆ ಏರಿಸಿದ್ರಿ?” ಅಂತ ಅಲ್ಲ. “ಸಿಗರೇಟಿಗೆ ಹಾಕಿದ ಬೇಲಿ ಸ್ಯಾಶೆಗೆ, ಬೀಡಿಗೆ, ಕಳ್ಳಮಾಲಿಗೆ ಯಾಕಿಲ್ಲ?” ಅಂತ.

ನೀವು ಏನು ಮಾಡಬಹುದು?

ತಂಬಾಕು ಮಾರಾಟದ ಕನಿಷ್ಠ ವಯಸ್ಸು ಕರ್ನಾಟಕದಲ್ಲಿ 2025ರಿಂದ 21. ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ, ಉಗುಳಿದ್ರೆ ದಂಡ 1,000 ರೂಪಾಯಿವರೆಗೆ. ಓಣಿಯ ಅಂಗಡಿಯವರು ನಿಮ್ಮ ಪರಿಚಯದವರೇ ಆಗಿರ್ತಾರೆ. ಜಗಳ ಬೇಡ. “ಕಾಕಾ, ಹುಡುಗ್ರಿಗೆ ಕೊಡಬ್ಯಾಡ್ರೀ” ಅಂತ ಒಂದು ಮಾತು ಹೇಳಿ. ಎಚ್ಚರಿಕೆಯ ಚಿತ್ರ ಇಲ್ಲದ ಪ್ಯಾಕ್ ಕಂಡ್ರೆ ಕೊಳ್ಳಬೇಡಿ.

ಬಿಡಬೇಕು ಅನ್ನೋ ಮನಸ್ಸು ನಿಮಗೋ, ಊರಲ್ಲಿರೋ ಅಪ್ಪನಿಗೋ, ಮಾವನಿಗೋ ಇದ್ರೆ 1800-11-2356ಗೆ ಫೋನ್ ಮಾಡಿ. ಕಾಸು ಖರ್ಚಿಲ್ಲ. ಕನ್ನಡದಲ್ಲೇ ಮಾತಾಡಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಒಂದು ಕೇಂದ್ರ ಇದೆ. ನಂಬರ್ ಪ್ಯಾಕಿನ ಮೇಲೇ ಇರುತ್ತೆ. ಬಿಡಿ ಸಿಗರೇಟು ಕೊಳ್ಳೋರಿಗೆ ಅದು ಕಾಣೋದೇ ಇಲ್ಲ, ಆದ್ದರಿಂದ ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.